ತೋಟ ಕಾಯುವವನ ಕೈಯಲ್ಲಿ ಕತ್ತಿ

ಯಾರು ಏನೇ ಹೇಳಿದರೂ ‘ಯಾಕೆ?’ ಎಂದು ಬಾಲ ಅಂಟಿಸುತ್ತಿದ್ದುದರಿಂದ ಕಚೇರಿಯಲ್ಲಿ ಅವಳಿಗೆ ಯಾಕಕ್ಕ ಎಂದೇ ಹೆಸರು ಬಿದ್ದಿತ್ತು. ಹೋದ ತಿಂಗಳು ತೀರಿಕೊಂಡಳು. ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದಳೆಂದು ನೆಂಟರಲ್ಲಿ ಅರ್ಧ ಜನಕ್ಕೆ ಕೊನೆಯವರೆಗೂ ತಿಳಿಯಲಿಲ್ಲ. ಜಪಾನಿನ ವಿಡಿಯೋ ಗೇಮ್‌ಗಳನ್ನು ಅವಳು ನಮ್ಮ ಭಾಷೆಗೆ ತರುತ್ತಿದ್ದಳು.

ಆ ಆಟಗಳಲ್ಲಿ ಪ್ರತಿ ಪಾತ್ರಕ್ಕೂ ಒಂದು ಕಸುಬು. ಒಬ್ಬ ಯೋಧ, ಒಬ್ಬ ವೈದ್ಯ, ಇನ್ನೊಬ್ಬ ಮಂತ್ರವಾದಿ. ಕಸುಬಿನ ಹೆಸರು ನೋಡಿಯೇ ಆಡುವವರು ತಮ್ಮ ಪಡೆ ಕಟ್ಟುವುದು. ಆದರೆ ಬಿಡುಗಡೆಗೆ ಮುಂಚೆ ಚಿತ್ರಗಳು ಹೊರಬೀಳಬಾರದೆಂದು ಕಂಪನಿಯವರು ಅನುವಾದಕರಿಗೆ ಬರೀ ಪದಗಳನ್ನಷ್ಟೇ ಕಳಿಸುತ್ತಿದ್ದರು. ಆಳನ್ನು ನೋಡದೆ ಅಂಗಿ ಹೊಲಿಯುವ ಕೆಲಸ.

ಅವಳ ಭಾವನದು ಕ್ಷೌರದಂಗಡಿ. ಗಿರಾಕಿಗಳು ಕಾಯುವಾಗ ಬೇಸರ ಪಡಬಾರದೆಂದು ಮೂಲೆಯ ಟೀವಿಗೆ ಆಟ ಜೋಡಿಸಿಟ್ಟಿದ್ದ. ಹೊಸ ಆಟ ಬಂದ ವಾರ ಯಾಕಕ್ಕ ಅಲ್ಲಿಗೆ ಹೋದಾಗ ಅವನು ಕತ್ತರಿ ನಿಲ್ಲಿಸಿ ಕೇಳಿದ.

“ಅಲ್ಲಮ್ಮ, ಇವನ್ಯಾರು ತೋಟ ಕಾಯುವವ ಅಂತ? ನೀರು ಹಾಕಲ್ಲ, ಕಳೆ ಕೀಳಲ್ಲ. ಹಿಂದಿನಿಂದ ಬಂದು ಕತ್ತು ಕುಯ್ತಾನೆ.”

“ಯಾರ ಕತ್ತು?”

“ಸಿಕ್ಕಿದವರದ್ದು. ಗಿಡ ಒಂದು ಬಿಟ್ಟು ಎಲ್ಲಾ ಕತ್ತರಿಸ್ತಾನೆ.”

ಅರ್ಧ ಗಡ್ಡಕ್ಕೆ ನೊರೆ ಮೆತ್ತಿಕೊಂಡು ಕುರ್ಚಿಯಲ್ಲಿದ್ದ ಗಿರಾಕಿ ಕನ್ನಡಿಯಲ್ಲೇ ನಕ್ಕ. “ನಾನಂತೂ ಅವನನ್ನ ಪಡೆಗೆ ಸೇರಿಸ್ಕೊಳ್ಳಲ್ಲಪ್ಪ. ರಾಕ್ಷಸರ ಮೇಲೆ ಯುದ್ಧಕ್ಕೆ ಹೋಗೋನಿಗೆ ಮಾಲಿ ಯಾಕೆ?”

ಯಾಕಕ್ಕ ಪರದೆಯ ಹತ್ತಿರ ಹೋಗಿ ನಿಂತಳು. ತಾನೇ ಹೆಸರಿಟ್ಟವನನ್ನು ಅವಳು ನೋಡಿದ್ದು ಆಗಲೇ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಗೋಡೆಯ ನೆರಳಿಗೆ ಅಂಟಿ ನಿಂತಿದ್ದ. ಜಪಾನಿ ಪದವನ್ನು ಅವಳು ಇದ್ದಂತೆಯೇ ಇಳಿಸಿದ್ದಳು. ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಮುಖ ಸಣ್ಣದಾಯಿತು.

ತಲೆಗೆ ಹುಳ ಹೊಕ್ಕಿತು. ಗ್ರಂಥಾಲಯದಲ್ಲಿ ಆ ದೇಶದ ಚರಿತ್ರೆ ತೆಗೆದು ಕೂತಳು. ಹಿಂದೊಂದು ಕಾಲದಲ್ಲಿ ದೊರೆಯ ತೋಟ ಕಾಯಲೆಂದು ನೇಮಕವಾದವರೇ ಅವನಿಗೆ ಗುಟ್ಟಿನ ಸುದ್ದಿ ತಂದುಕೊಡುತ್ತಿದ್ದರಂತೆ. ತೋಟದ ಕಾವಲು ಅವರ ವೇಷ.

ಅಷ್ಟರಲ್ಲಿ ಮೇಲ್ವಿಚಾರಕರಿಂದ ಕರೆ ಬಂತು.

“ಜನ ನಗ್ತಿದ್ದಾರೆ, ತಾಯಿ. ಶುಕ್ರವಾರ ತಿದ್ದುಪಡಿ ಹೋಗುತ್ತೆ. ಗೂಢಚಾರ ಅಂತ ಹಾಕಿ ಕೈತೊಳ್ಕೋ. ಇನ್ನೊಂದು ದೂರು ಬಂದ್ರೆ ಮುಂದಿನ ಆಟ ನಿನ್ನ ಕೈಗೆ ಕೊಡಬೇಡಿ ಅಂತ ಕಂಪನಿಯವರು ಅಂದಿದ್ದಾರೆ.”

“ಸಾರ್, ಕೊರಳಿಗೆ ಗೂಢಚಾರ ಅಂತ ಬೋರ್ಡು ಹಾಕ್ಕೊಂಡು ಯಾವ ಗೂಢಚಾರ ಓಡಾಡ್ತಾನೆ?”

“ಆಡೋರಿಗೆ ಗೊತ್ತಾಗ್ಬೇಕಲ್ಲ?”

ಅವರ ಮಾತೂ ಸರಿಯೇ. ಅದೇ ಅವಳನ್ನು ಕೊರೆಯತೊಡಗಿತು. ಈ ಕೆಲಸ ಕೈಬಿಟ್ಟರೆ ಅವಳಿಗೆ ಇಷ್ಟವಾದ ಬೇರೆ ಕೆಲಸವಿರಲಿಲ್ಲ. ಹೆಸರು ಬದಲಿಸಿದರೋ, ಆ ಮನುಷ್ಯನ ವೇಷವನ್ನು ತಾನೇ ಕಿತ್ತೆಸೆದಂತೆ. ಊಟಕ್ಕೆ ಕೂತರೂ ಅದೇ ಧ್ಯಾನ. ಅಕ್ಕ ಎದುರು ತಟ್ಟೆಯಿಟ್ಟು, “ಮೊದಲು ತಿನ್ನು, ಆಮೇಲೆ ಅವನ ತೋಟ ಕಾಯಿ” ಎಂದು ಗದರಿದಳು.

ಗುರುವಾರ ಮತ್ತೆ ಅಂಗಡಿಗೆ ಹೋಗಿ, ಆಡುವವರ ಬೆನ್ನ ಹಿಂದೆ ನಿಂತು ನೋಡಿದಳು. ಕಸುಬನ್ನು ಆರಿಸುವ ಮುಂಚೆ ಎಲ್ಲರ ಕಣ್ಣೂ ಹೆಸರಿನ ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಅಲ್ಲಿ ‘ವೇಗ ಹೆಚ್ಚು, ಬಲ ಕಡಿಮೆ’ ಎಂದಷ್ಟೇ ಇತ್ತು. ಅದೂ ಅವಳದೇ ಅನುವಾದ.

ಮರುದಿನ ಹೆಸರನ್ನು ಮುಟ್ಟದೆ ಆ ಸಾಲಿನ ಜಾಗದಲ್ಲಿ ಬೇರೊಂದು ಬರೆದು ಮೇಲ್ವಿಚಾರಕರ ಮುಂದಿಟ್ಟಳು: ‘ಅರಮನೆಯ ತೋಟ ಕಾಯುತ್ತಾನೆ. ಹಾಗೆಂದು ಎಲ್ಲರೂ ನಂಬಿದ್ದಾರೆ.’

ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. “ದೂರು ಬಂದ್ರೆ ನಿನ್ನನ್ನೇ ಮುಂದೆ ಮಾಡ್ತೀನಿ” ಎಂದು ಗೊಣಗುತ್ತಲೇ ಕಳಿಸಿದರು.

ದೂರು ಬರಲಿಲ್ಲ. ಮುಂದಿನ ಆಟವೂ ಅವಳ ಮೇಜಿಗೇ ಬಂತು, ಎಂದಿನಂತೆ ಚಿತ್ರಗಳಿಲ್ಲದೆ. ಮಾಲಿ ಯಾಕೆ ಎಂದಿದ್ದ ಗಿರಾಕಿ ಈಗ ಎಲ್ಲರಿಗಿಂತ ಮೊದಲು ಅವನನ್ನೇ ಪಡೆಗೆ ಸೇರಿಸಿಕೊಳ್ಳುತ್ತಾನೆ. ಆ ಸಾಲನ್ನು ಬರೆದವರು ಯಾರೆಂದು ಆಟದಲ್ಲಿ ಎಲ್ಲೂ ಇಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟದ್ದು.