ಮುಕ್ಕುಂದದ ಹೊಲ, ಮಾಬೂಬಿಯ ಬೆಳೆ

ಮಾಬೂಬಿ, ಬೆಳೆ ಪರಿಹಾರ ಬಂದಿತ್ತು. ನೀನು ಮಸ್ಕಿಯ ನಮ್ಮ ಮನೆಗೆ ಬಂದು ಕೇಳಿದ ದಿನಕ್ಕೆ ಅದು ನನ್ನ ಖಾತೆಗೆ ಬಿದ್ದು ಹನ್ನೊಂದು ದಿನವಾಗಿತ್ತು. ಬಂದಿಲ್ಲ ಎಂದೆ. ಆ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೇ ಓಡಾಡಿದ್ದೇನೆ.

ಮುಕ್ಕುಂದದ ನನ್ನ ಮೂರೆಕರೆ ಕಾಲುವೆ ಹೊಲವನ್ನು ನೀನೂ ನಿನ್ನ ಗಂಡನೂ ಲೀಜಿಗೆ ಮಾಡುತ್ತಿದ್ದಿರಿ. ಅವನು ತೀರಿಕೊಂಡ ಮೇಲೆ ನೀನೊಬ್ಬಳೇ ಮಾಡಿದೆ. ನಾನು ಶಾಲೆಯ ಮಾಸ್ತರ. ಆ ಕೆಸರು ನನ್ನ ಕಾಲಿಗೆ ಹತ್ತಿದ್ದೇ ಅಪರೂಪ. ಲೀಜಿಗೆ ಕಾಗದವಿರಲಿಲ್ಲ, ಬಾಯಿಮಾತು. ಪಹಣಿಯಲ್ಲಿದ್ದದ್ದು ನನ್ನ ಹೆಸರೊಂದೇ.

ಕೊಯ್ಲಿಗೆ ನಾಲ್ಕೇ ದಿನವಿರುವಾಗ ಮಳೆಗಾಳಿ ಬಿತ್ತು. ಭತ್ತವೆಲ್ಲ ನೆಲಕ್ಕೆ ಮಲಗಿ, ತೆನೆಯಲ್ಲೇ ಮೊಳಕೆಯೊಡೆಯಿತು. ಸಮೀಕ್ಷೆಗೆ ಬಂದ ಅಧಿಕಾರಿ ಬದುವಿನ ಮೇಲೆ ನಿಂತು ಫೋನು ತೆಗೆದಾಗ, ನೀನು ಮೊಣಕಾಲುದ್ದ ನೀರಿನಲ್ಲಿ ಕೊಳೆತ ತೆನೆ ಹಿಡಿದು ನಿಂತಿದ್ದೆ.

"ಬೆಳಿ ಯಾರದ್ರೀ?" ಎಂದು ಅವರು ಕೇಳಿದರು.

"ನಂದರೀ."

"ಮತ್ತ ಈಕಿ?"

"ಕೂಲಿಗೆ ಬಂದಾಕಿ."

ನೀನು ನನ್ನ ಮುಖ ನೋಡಿದೆ. ತೆನೆಯನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದೆ. ಸರ್ಕಾರದ ಫೋಟೋದಲ್ಲಿ ಇರುವವನು ನಾನು.

ಲೀಜಿಗೆ ಕೊಟ್ಟಿದ್ದೇನೆ ಎಂದುಬಿಟ್ಟರೆ ಹೊಲವೇ ಕೈಬಿಟ್ಟು ಹೋದೀತು ಎಂಬ ಹೆದರಿಕೆ ಆಗ ಇತ್ತು, ನಿಜ. ಆದರೆ ಹನ್ನೊಂದು ದಿನದ ಮೇಲಿನ ಆ ಮಾತು—ಅದಕ್ಕೆ ಯಾವ ಹೆದರಿಕೆಯೂ ಕಾರಣವಲ್ಲ. ಹಣ ಬಂದ ದಿನದಿಂದ, ನಾಳೆ ಕೊಡೋಣ, ಅರ್ಧವಾದರೂ ಕೊಡೋಣ ಎಂದುಕೊಳ್ಳುತ್ತಲೇ ಇದ್ದೆ. ನೀನು ಬಂದು, "ಮಾಸ್ತರ್ರೀ, ಪರಿಹಾರ ಏನರ ಬಂತೇನ್ರಿ? ಗೊಬ್ಬರದ ಅಂಗಡ್ಯಾಗ ಬಾಕಿ ಕೇಳಾಕತ್ತಾರ" ಅಂದೆ. ಬಾಯಿ ತಾನಾಗಿ ಆಡಿಬಿಟ್ಟಿತು: "ಇನ್ನಾ ಬಂದಿಲ್ಲವ್ವಾ."

ಒಳಗಿನಿಂದ ನನ್ನ ಹೆಂಡತಿ ಕೇಳಿಸಿಕೊಂಡಳು. ನಿನಗೆ ನೀರು ತಂದುಕೊಟ್ಟಳು. ನನ್ನ ಕಡೆ ನೋಡಲಿಲ್ಲ.

ಆ ಹಂಗಾಮಿನ ಲೀಜಿನ ಹಣವನ್ನೂ ನೀನು ಮುಟ್ಟಿಸಿದೆ—ಎಮ್ಮೆ ಮಾರಿ. ಮಾರಿದ್ದು ಗೊತ್ತಿದ್ದೂ ತೆಗೆದುಕೊಂಡೆ. ಮುಂದಿನ ನಾಟಿಯ ಹೊತ್ತಿಗೆ ನೀನು ಹೊಲ ಬಿಟ್ಟು ಲಿಂಗಸುಗೂರಿಗೆ, ಮಗಳ ಮನೆಗೆ ಹೋದೆ. ನನಗೆ ಆದದ್ದು ದುಃಖವಲ್ಲ, ನಿರಾಳ. ಅದನ್ನೂ ಹೇಳಿಬಿಡಬೇಕು.

ಹೋದ ವಾರ ಸಿಂಧನೂರಿನ ಒಂದು ಮದುವೆಯಲ್ಲಿ ನಿನ್ನ ಮಗಳು ಸಿಕ್ಕಳು. ತಾನಾಗಿಯೇ ಬಂದು ಮಾತಾಡಿಸಿದಳು.

"ನಮ್ಮಮ್ಮ ನಿಮ್ಮನ್ನ ಭಾಳ ನೆನಸ್ತಾಳ್ರೀ. ಕೂಲಿಯಾಕಿ ಅಂದದ್ದು ಕಾಗದಕ್ಕ ಅಷ್ಟ, ಪರಿಹಾರ ಬಂದಿದ್ರ ಮಾಸ್ತರು ಮನಿಗೆ ತಂದು ಕೊಡ್ತಿದ್ರು ಅಂತಾಳ."

ನಾನು—ಏನು ಹೇಳಲಿ—ತಲೆ ಅಲ್ಲಾಡಿಸಿದೆ. ಹೌದು ಎನ್ನುವ ಹಾಗೆ. ಅಲ್ಲಿಗೆ ಇನ್ನೊಂದು ಸುಳ್ಳಾಯಿತು.

ನೀನು ಬೈದಿದ್ದರೆ, ಊರ ತುಂಬ ಹೇಳಿಕೊಂಡು ಬಂದಿದ್ದರೆ, ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ನೀನು ನನ್ನನ್ನು ಇನ್ನೂ ನಂಬಿದ್ದೀಯಲ್ಲ—

ನಾಳೆ ಬೆಳಿಗ್ಗೆ ಲಿಂಗಸುಗೂರಿಗೆ ಬರುತ್ತೇನೆ. ಪರಿಹಾರದ ಹಣ, ಆ ಹಂಗಾಮಿನ ಲೀಜು, ಎರಡನ್ನೂ ತರುತ್ತೇನೆ. ಅದನ್ನು ಕೊಡುವ ಮೊದಲು ನಿನ್ನ ಮಗಳನ್ನೂ ಕೂರಿಸಿಕೊಂಡು ಹೇಳುತ್ತೇನೆ: ಬಂದಿತ್ತು, ನಾನೇ ಉಂಡೆ. ಆಮೇಲೆ ನೀನು ಏನಂದರೂ, ಏನೂ ಅನ್ನದೇ ಹೋದರೂ, ಕೂತು ಕೇಳಿಸಿಕೊಳ್ಳುತ್ತೇನೆ.