ಕಂಡಕ್ಟರ್ ಕೂಗದೆ ಕರೆದ ಊರು

ಹಾನಗಲ್ಲಿನಿಂದ ಗದಗಕ್ಕೆ ಹೊರಟಿದ್ದ ಬಸ್ಸಿನಲ್ಲಿ ಸವಣೂರಿಗೆ ಟಿಕೆಟ್ ತಗೊಂಡೆ. ತೊಡೆಯ ಮೇಲಿದ್ದ ಪೆಟ್ಟಿಗೆ ನೋಡಿ ಕಂಡಕ್ಟರ್ ಕೇಳಿದರು, ‘ಇದರಾಗ ಏನೈತ್ರಿ ಸರ?’

‘ಕೂದಲಕ್ಕಿಂತ ಸಣ್ಣ ಮ್ಯಾಗ್ನೆಟ್ ದಾರಿ ಐತ್ರಿ, ಮುಂದ ಎರಡು ಕವಲು ಒಡೀತೈತಿ. ಅದರಾಗ ಎಲೆಕ್ಟ್ರಾನ್ ಎಲ್ಲೂ ಹೋಗೂದಿಲ್ಲ, ನಿಂತಲ್ಲೇ ತೂಗತಾವು. ಆ ತೂಗಾಟ ಅಷ್ಟ ಅಲೆಯಾಗಿ ಮುಂದ ಹೋಗತೈತಿ. ಸ್ಪಿನ್ ಅಲೆ ಅಂತೇವಿ.’

‘ಯಾವ ಕವಲಿಗೆ ಹೋಗಬೇಕಂತ ಯಾರು ಹೇಳ್ತಾರ್ರಿ?’

‘ಯಾರೂ ಇಲ್ರಿ. ಕವಲಿಗೊಂದು ಸಣ್ಣ ಮ್ಯಾಗ್ನೆಟ್ ತುಣುಕು ಇಟ್ಟೇವಿ. ಅಲೆಯ ತಾಳ ಯಾವ ತುಣುಕಿನ ತಾಳಕ್ಕ ಕೂಡತೈತಿ, ಅದೊಂದ ಎಚ್ಚರಾಗಿ ಅಲೆನ ತನ್ನ ಕಡೆ ಎಳಕೋತೈತಿ. ಇನ್ನೊಂದು ಸುಮ್ಮನಿರತೈತಿ.’

ಅವರು ನಂಬಿದಂತೆ ಕಾಣಲಿಲ್ಲ. ಎದ್ದು ನಿಂತು, ಮೆಲ್ಲಗೆ ‘ಶಿಗ್ಗಾಂವ’ ಅಂದರು. ಬಸ್ಸಿನ ತುಂಬ ಮಧ್ಯಾಹ್ನದ ನಿದ್ದೆ. ಮೂವರು ಮಾತ್ರ ಕಣ್ಣು ಬಿಟ್ಟು ಚೀಲ ಎತ್ತಿಕೊಂಡರು; ಪಕ್ಕದವರ ರೆಪ್ಪೆಯೂ ಅಲುಗಲಿಲ್ಲ. ನಾಲ್ಕು ವರ್ಷದಿಂದ ಲ್ಯಾಬಿನಲ್ಲಿ ನಾನು ಕಾಯುತ್ತ ಕುಳಿತದ್ದು ಇದಕ್ಕೇ. ನೋಟ್‌ಬುಕ್ ತೆಗೆದು ಬರೆಯತೊಡಗಿದೆ.

ತಲೆಯೆತ್ತಿದಾಗ ಕಂಡಕ್ಟರ್ ಮುಂದೆ ನಿಂತಿದ್ದರು. ‘ಸವಣೂರ ಹೋಗಿ ಹತ್ತು ನಿಮಿಷ ಆತ್ರಿ ಸರ. ಎರಡು ಸಲ ಕರದೆ.’

ಇಡೀ ಬಸ್ಸಿನಲ್ಲಿ ತಾನು ಇಳಿಯುವ ಊರಿನ ಹೆಸರಿಗೆ ಅಲುಗದವನು, ಎಚ್ಚರವಿದ್ದ ನಾನೊಬ್ಬನೇ.