ಕತ್ತಿನ ಗಂಟು

ಒಂಬತ್ತನೇ ತರಗತಿಯಲ್ಲಿದ್ದಾಗ ನನ್ನ ಕತ್ತಿನಲ್ಲಿ ನೆಲ್ಲಿಕಾಯಿ ಗಾತ್ರದ ಗಂಟೆದ್ದಿತು. ಪುಣೆಯ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿ, ಗಂಟಿನಲ್ಲಿ ಟಿಬಿ ಇದೆ ಎಂದರು. ಎದೆ ಸ್ವಚ್ಛವಾಗಿದೆ, ಇದು ಯಾರಿಗೂ ಅಂಟುವುದಿಲ್ಲ, ಮಾತ್ರೆ ಮಾತ್ರ ತಪ್ಪಿಸಬೇಡ ಎಂದೂ ಹೇಳಿದರು. ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಅಪ್ಪ, ಅವ್ವ ಸಮಾಧಾನದ ಉಸಿರು ಬಿಟ್ಟರು.

ಶಾಲೆಯಲ್ಲಿ ನಾನು ಇದನ್ನೆಲ್ಲ ಹೇಳಿದ್ದು ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ ಮಾತ್ರ. ಅವಳದು ಕಲಬುರಗಿ ಕಡೆ. ಮರಾಠಿ ಶಾಲೆಯಲ್ಲಿ ನಮ್ಮಿಬ್ಬರದೇ ಕನ್ನಡ. ಕೆಲವು ದಿನಗಳಲ್ಲಿ ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ಟಿಬಿಯವರನ್ನು ಮುಟ್ಟಿದರೂ ಸಾವು ಎಂದು ಬಿಳಿ ಕೋಟಿನವನೊಬ್ಬ ಹೇಳುತ್ತಿದ್ದ. ಅದರ ಕೆಳಗೆ ಯಾರೋ ನನ್ನ ಫೋಟೊ ಹಾಕಿದ್ದರು.

ಮರುದಿನ ಶಾಲೆಯ ನಲ್ಲಿಯ ಹತ್ತಿರ ಹುಡುಗಿಯರು ಸುತ್ತುವರಿದರು. ನನ್ನನ್ನು ಮುಟ್ಟಬಾರದೆಂದು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡೇ ಬಂದಿದ್ದರು. "ಶಾಳೇತ್ ಯೇಊ ನಕೋಸ್!" ಶಾಲೆಗೆ ಬರಬೇಡ ಎಂದು ಕಿರುಚುತ್ತ ಒಬ್ಬಳು ಜಡೆ ಹಿಡಿದೆಳೆದಳು. ಇನ್ನೊಬ್ಬಳು ಸ್ಟೀಲ್ ಬಾಟಲಿಯಿಂದ ತಲೆಗೆ ಬಾರಿಸಿದಳು. ರಕ್ತ ಕಣ್ಣಿಗಿಳಿಯಿತು. ಹಿಂದಿನಿಂದ ನನ್ನ ತೋಳು ಹಿಡಿದಿದ್ದವಳು ನನ್ನ ಗೆಳತಿಯೇ. ತಿರುಗಿ, ಚೀಲದ ಮೇಲೆ ಕಾಣುತ್ತಿದ್ದ ಅವಳ ಮುಂಗೈ ಕಚ್ಚಿದೆ. ಬಾಯಿಗೆ ಉಪ್ಪು ತಾಗುವವರೆಗೂ ಬಿಡಲಿಲ್ಲ.

"ನಾ ಸಾಯ್ತೀನವ್ವಾ!" ಎಂದು ಕೂಗುತ್ತ ಅವಳು ಮನೆಗೆ ಓಡಿದಳು. ರೋಗಾಣು ಸುಟ್ಟುಹೋಗಲೆಂದು ಕಚ್ಚಿದ ಗಾಯದ ಮೇಲೆ ಪಾಯಿಖಾನೆ ತೊಳೆಯುವ ಆ್ಯಸಿಡ್ ಸುರಿದುಕೊಂಡಳಂತೆ.

ಸಂಜೆ ಅವಳ ಅಣ್ಣ ನಮ್ಮ ಒಂದೇ ಕೋಣೆಯ ಮನೆ, ಖೋಲಿಗೆ ನುಗ್ಗಿದ. "ನನ್ನ ತಂಗಿಗೆ ರೋಗ ಹಚ್ಚೀರಿ!" ಎಂದು ಅಪ್ಪನ ಮುಖಕ್ಕೆ ಗುದ್ದಿದ. ಅಪ್ಪನ ಮುಂದಿನ ಹಲ್ಲು ಮುರಿಯಿತು. ಅವ್ವ ಒಲೆಯ ಮೇಲಿನ ಬಿಸಿ ಹಂಚನ್ನು ಇಕ್ಕಳದಲ್ಲಿ ಹಿಡಿದು ನಿಂತಳು. "ಇನ್ನೊಂದ್ ಹೆಜ್ಜಿ ಮುಂದಿಟ್ಟರ ಮಾರಿ ಸುಡ್ತೀನಿ." ಅವನು ಹೊಸ್ತಿಲು ದಾಟಿ ಹಿಂದಕ್ಕೆ ಹೋದ.

ಕೆಲವು ದಿನ ಬಿಟ್ಟು, ನನ್ನ ತಲೆಗೆ ಹಾಕಿದ್ದ ಹೊಲಿಗೆ ತೋರಿಸಲು ಆಸ್ಪತ್ರೆಗೆ ಹೋದಾಗ ಗೆಳತಿಯೂ ಅಲ್ಲಿದ್ದಳು, ಅಣ್ಣನ ಜೊತೆ. ಡಾಕ್ಟರಮ್ಮ ಅವಳ ಕೈಯ ಪಟ್ಟಿ ಬಿಚ್ಚಿದರು. ಚರ್ಮ ಕಪ್ಪಗೆ ಸುಲಿದಿತ್ತು.

"ಕಚ್ಚಿದ ಗಾಯ ಸಾಬೂನು ನೀರಲ್ಲಿ ತೊಳೆದು ಬಂದಿದ್ದರೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸುತ್ತಿದ್ದೆ" ಎಂದು ಅವರು ಮರಾಠಿಯಲ್ಲಿ ಹೇಳಿದರು. "ಇವಳ ಟಿಬಿ ನಿನಗೆ ಬರುವುದೇ ಇಲ್ಲ. ಕೈ ಸುಟ್ಟದ್ದು ಆ್ಯಸಿಡ್."

ಅಣ್ಣ ತಲೆ ತಗ್ಗಿಸಿ ಹೊರಗೆ ಹೋದ. ಅವಳು ನನ್ನತ್ತ ತಿರುಗಿದಳು.

"ಖರೇನ ಅಂಟೂದಿಲ್ಲೇನ?"

"ನಿನಗ ಹೇಳಿದ್ನೆಲ್ಲ, ಆವತ್ತ."

"ವಿಡಿಯೊದಾಗ ಡಾಕ್ಟರ್ ಹೇಳ್ತಿದ್ದ..."

"ಅವಾ ಯಾರಂತ ಕೇಳಿದ್ಯೇನ?"

ಅವಳು ಅತ್ತಳು. ನನಗೆ ಅಳು ಬರಲಿಲ್ಲ. ಆ ಸುಟ್ಟ ಕೈ ನೋಡಿ ಒಳಗೊಳಗೇ ಸಮಾಧಾನವಾಯಿತು; ಅದು ನನಗೇ ಹೆದರಿಕೆ ಹುಟ್ಟಿಸಿತು.

ಮುಖ್ಯೋಪಾಧ್ಯಾಯಿನಿ ಡಾಕ್ಟರಮ್ಮನನ್ನು ಶಾಲೆಗೆ ಕರೆಸಿ, ಗಂಟಿನ ಟಿಬಿ ಅಂಟುವುದಿಲ್ಲವೆಂದು ಎಲ್ಲರಿಗೂ ಹೇಳಿಸಿದರು. ಬಾಟಲಿಯವಳು ಎದ್ದು ಕ್ಷಮೆ ಕೇಳಿದಳು. ನನ್ನ ಮಾತ್ರೆ ಮುಗಿದು ಗಂಟು ಕರಗಿತು. ಹತ್ತನೇ ತರಗತಿ ಮುಗಿಯುವವರೆಗೂ ಗೆಳತಿ, ನಾನು ಒಂದೇ ಕೋಣೆಯಲ್ಲಿ ಕೂತೆವು, ಬೇರೆ ಬೇರೆ ಬೆಂಚಿನಲ್ಲಿ. ಕನ್ನಡದಲ್ಲಿ ಮಾತಾಡಲು ನನಗೆ ಅಲ್ಲಿ ಯಾರೂ ಉಳಿದಿರಲಿಲ್ಲ.